ಹೆರಿಗೆ ವಾರ್ಡಿನಲ್ಲಿ ತೆರಿಗೆಯ ಮಾತು

ಆ ವರ್ಷ ನಮ್ಮ ಆಸ್ಪತ್ರೆಯಲ್ಲಿ ಒಬ್ಬೊಬ್ಬ ನರ್ಸೂ ಇಬ್ಬರ ಕೆಲಸ ಮಾಡುತ್ತಿದ್ದೆವು. ಗುತ್ತಿಗೆ ಮೇಲಿದ್ದ ಹುಡುಗಿಯರು ಸಂಬಳ ಸರಿಯಾಗಿ ಬರುವುದಿಲ್ಲವೆಂದು ಒಬ್ಬೊಬ್ಬರಾಗಿ ಬಿಟ್ಟು ಹೋಗಿದ್ದರು. ಅವರ ಜಾಗಕ್ಕೆ ಹೊಸಬರು ಇನ್ನೇನು ಬಂದೇಬಿಟ್ಟರು ಎಂದು ಮೇಲಿನವರು ಹೇಳುತ್ತಲೇ ಇದ್ದರು, ಯಾರೂ ಬರಲಿಲ್ಲ. ಮೈಸೂರು ರಸ್ತೆಯಿಂದ ಸ್ವಲ್ಪ ಒಳಕ್ಕಿರುವ ಸಣ್ಣ ಸರ್ಕಾರಿ ಹೆರಿಗೆ ಆಸ್ಪತ್ರೆ ಅದು. ಸಲೀಸಾದ ಹೆರಿಗೆಗಳು ನಮ್ಮಲ್ಲೇ ಆಗುತ್ತಿದ್ದವು. ಏನಾದರೂ ತೊಡಕು ಕಂಡರೆ ಆಂಬುಲೆನ್ಸ್ ಕರೆಸಿ ಊರೊಳಗಿನ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದೆವು. ದೀಪಾಂಜಲಿ ನಗರದ ಮನೆಯಲ್ಲಿ ಅಡುಗೆ ಮುಗಿಸಿ ಮೆಟ್ರೋ ಹತ್ತಿದರೆ, ಸೀಟು ಸಿಕ್ಕ ದಿನ ಕಾಲಿಗೆ ಅಷ್ಟೇ ವಿಶ್ರಾಂತಿ. ವಾರ್ಡಿಗೆ ಹೋದಮೇಲೆ ಕೂರುವುದು ಎಂಬುದೇ ಇರಲಿಲ್ಲ.

ನನ್ನ ಜೊತೆಗಿದ್ದ ಆಯಾ ನನಗಿಂತ ಹಿರಿಯಳು. ಮನೆಮಾತು ಉರ್ದು, ನಮ್ಮ ಬೆಂಗಳೂರಿನ ಉರ್ದು. ನಾನು ಅವಳನ್ನು ಆಪಾ ಎನ್ನುತ್ತಿದ್ದೆ, ಅವಳು ನನ್ನನ್ನು ಸಿಸ್ಟರಮ್ಮ ಎನ್ನುತ್ತಿದ್ದಳು. ಹಿಂದಿ, ಬಂಗಾಳಿ, ಒಡಿಯಾ ಏನೇ ಬರಲಿ, ಅರ್ಧ ಮಾತು ಅರ್ಧ ಕೈಸನ್ನೆಯಲ್ಲಿ ಅವಳೇ ದುಭಾಷಿ. ಅದಕ್ಕೆ ಬೇರೆ ಸಂಬಳ ಯಾರೂ ಕೊಡಲಿಲ್ಲ, ಅವಳು ಕೇಳಲೂ ಇಲ್ಲ.

ದುಭಾಷಿ ಬೇಕಾಗುವಂಥವರು ಆಗ ಹೆಚ್ಚುತ್ತಿದ್ದರು. ಹೇರೋಹಳ್ಳಿ ಕಡೆ, ಕೆಂಗೇರಿಯ ಆಚೆ, ಮನೆ ಕಟ್ಟದೆ ಬಿಟ್ಟ ಸೈಟುಗಳಲ್ಲಿ ತಗಡಿನ ಶೆಡ್ಡುಗಳು ಎದ್ದಿದ್ದವು. ಕಸ ವಿಂಗಡಿಸುವವರು, ಮೋಲ್ಡಿಂಗ್ ಕೆಲಸದವರು, ಮೋರಿ ತೋಡುವವರು ಅಲ್ಲಿರುತ್ತಿದ್ದರು. ಬಂಗಾಳಿ ಮಾತಾಡುವವರನ್ನು ಊರು ಕೇಳಿದರೆ ‘ಕಲ್ಕತ್ತಾ’ ಅನ್ನುತ್ತಿದ್ದರು. ಕಲ್ಕತ್ತಾ ಅಲ್ಲ, ಗಡಿಯಾಚೆಯವರು ಎಂದು ಜನ ಹೇಳುತ್ತಿದ್ದರು. ಇದ್ದರೂ ಇರಬಹುದು. ನಾನು ವಿಚಾರಿಸಲು ಹೋಗಲಿಲ್ಲ. ಮಗುವಿನ ತಲೆ ಕಾಣುತ್ತಿರುವಾಗ ನಿನ್ನ ಊರು ಯಾವುದು ಎಂದು ಕೇಳುವ ಪುರುಸೊತ್ತು ಯಾರಿಗಿರುತ್ತದೆ?

ಆದರೆ ಆ ಹೆಂಗಸರ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂಬತ್ತು ತಿಂಗಳಲ್ಲಿ ಒಂದು ಸಲವೂ ಬಿಪಿ ನೋಡಿಸಿಕೊಳ್ಳದೆ, ರಕ್ತ ಎಷ್ಟಿದೆ ಎಂದು ತಿಳಿಯದೆ, ನೀರೊಡೆದ ಮೇಲೆ ಆಟೋದಲ್ಲಿ ಬಂದು ಇಳಿದುಬಿಡುತ್ತಿದ್ದರು. ಆಮೇಲೆ ಏನಾದರೂ ಆದರೆ ಉತ್ತರ ಹೇಳಬೇಕಾದವರು ನಾವು.

ಆ ದಿನ ಬಂದವಳೂ ಹಾಗೇ ಬಂದಳು. ಮಧ್ಯಾಹ್ನದ ಊಟದ ಹೊತ್ತು. ಇಪ್ಪತ್ತರ ಆಸುಪಾಸಿನ ಹುಡುಗಿ, ಜೊತೆಗೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದ ಗಂಡ. ಅವಳ ಪಾದ ಊದಿ ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ, ಮುಖವೂ ಬಾತುಕೊಂಡಿತ್ತು. ಎರಡೂ ಕೈಯಲ್ಲಿ ತಲೆ ಒತ್ತಿ ಹಿಡಿದಿದ್ದಳು. ಹೊಟ್ಟೆ ನೋವು ಅನ್ನಬೇಕಾದವಳು ತಲೆನೋವು ಅನ್ನುತ್ತಿದ್ದಾಳೆಂದು ಆಪಾ ಹೇಳಿದ ಕೂಡಲೇ ಹುಡುಗಿಯ ತೋಳಿಗೆ ಪಟ್ಟಿ ಕಟ್ಟಿದೆ. ಬಿಪಿ ನೋಡಿದೆ. ಪಟ್ಟಿ ಬಿಚ್ಚಿ, ಸರಿಯಾಗಿ ಕಟ್ಟಿ, ಇನ್ನೊಂದು ಸಲ ನೋಡಿದೆ. ಹೇಳಬಾರದಷ್ಟು ಇತ್ತು.

ನಮ್ಮಲ್ಲಿ ಇದ್ದಿದ್ದು ಒಬ್ಬರೇ ಡಾಕ್ಟರು, ಓದು ಮುಗಿಸಿ ಬಂದ ಹುಡುಗಿ. ಬಂದು ನೋಡಿ, ‘ಸಿಸ್ಟರ್, ಯಾವಾಗ ಬೇಕಾದ್ರೂ ಫಿಟ್ಸ್ ಬರಬಹುದು. ಇಂಜೆಕ್ಷನ್ ರೆಡಿ ಮಾಡಿ, ಆಂಬುಲೆನ್ಸ್‌ಗೆ ನಾನು ಹೇಳ್ತೀನಿ’ ಎಂದರು.

ಮಂಚ ಖಾಲಿ ಇರಲಿಲ್ಲ. ಬಾಗಿಲ ಹತ್ತಿರದ ಮಂಚದಲ್ಲಿ ಬೆಳಿಗ್ಗೆ ಸೇರಿದ್ದ ಹೇರೋಹಳ್ಳಿಯ ಹೆಣ್ಣುಮಗಳಿದ್ದಳು. ಎರಡನೇ ಹೆರಿಗೆ, ನೋವು ಇನ್ನೂ ಸಣ್ಣಗೆ ಶುರುವಾಗಿತ್ತು. ಅವಳನ್ನು ಎಬ್ಬಿಸಿ, ‘ಸ್ವಲ್ಪ ಓಡಾಡಮ್ಮ’ ಎಂದು ಹೊರಗೆ ಕಳಿಸಿ, ಆ ಮಂಚದಲ್ಲಿ ಇವಳನ್ನು ಮಲಗಿಸಿದೆ.

ಆ ಹೆಣ್ಣುಮಗಳ ತಂದೆ ಬೆಳಿಗ್ಗೆಯಿಂದ ಕಾರಿಡಾರಿನಲ್ಲಿ ಕೂತಿದ್ದರು. ಹೊಲ ಇದ್ದ ಮನೆತನ. ಹೊಲವೆಲ್ಲ ಸೈಟುಗಳಾಗಿ, ಈಗ ಬಾಡಿಗೆ ಮನೆಗಳ ಮಾಲೀಕರು. ಮೊದಲನೇ ಮಗುವಿಗೆ ಪ್ರೈವೇಟ್ ಆಸ್ಪತ್ರೆಗೆ ಸುರಿದದ್ದು ಸಾಕಾಯಿತು, ಅದಕ್ಕೇ ಇಲ್ಲಿಗೆ ಬಂದೆವು ಎಂದು ಅವರೇ ಹೇಳಿದ್ದರು. ಕೆಟ್ಟ ಮನುಷ್ಯರೇನಲ್ಲ, ಬೆಳಿಗ್ಗೆ ನನಗೂ ಆಪಾಗೂ ಬೇಕರಿಯಿಂದ ಕಾಫಿ ತರಿಸಿಕೊಟ್ಟಿದ್ದರು. ಮಗಳು ಹೊರಗೆ ಬಂದದ್ದು ನೋಡಿ ಬಾಗಿಲಿಗೆ ಬಂದು ನಿಂತರು.

‘ಏನ್ ಸಿಸ್ಟರ್ ಇದು, ನನ್ ಮಗಳನ್ನ ಎಬ್ಸಿ ಅವಳನ್ನ ಮಲಗಿಸ್ತೀರಲ್ಲ.’

‘ನಿಮ್ ಮಗಳಿಗೆ ಇನ್ನೂ ಟೈಮ್ ಇದೆ ಸಾರ್. ಇವಳಿಗೆ ಬಿಪಿ ಜಾಸ್ತಿ ಆಗಿದೆ. ಆಂಬುಲೆನ್ಸ್ ಬಂದ ತಕ್ಷಣ ಕಳಿಸ್ತೀವಿ.’

‘ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಅಂತ ಕೌಂಟರ್‌ನಲ್ಲಿ ಹೇಳ್ತಾ ಇದ್ರು, ನಾನೇ ಕೇಳಿಸ್ಕೊಂಡೆ. ಎಲ್ಲೆಲ್ಲಿಂದಲೋ ಬಂದೋರಿಗೆ ನಮ್ ಟ್ಯಾಕ್ಸ್ ದುಡ್ಡಲ್ಲಿ ಹೆರಿಗೆ ಮಾಡ್ಸಿ ಕಳಿಸೋಕೆ ಇದೇನ್ ಛತ್ರವಾ? ಮೊದಲು ಪೊಲೀಸ್‌ಗೆ ಫೋನ್ ಮಾಡಿ. ಅವರು ಬಂದು ನೋಡ್ಲಿ, ಯಾರು ಎತ್ತ ಅಂತ.’

ಈ ಮಾತು ಅವರೊಬ್ಬರದಲ್ಲ. ಮೆಟ್ರೋದಲ್ಲಿ, ಮದುವೆ ಮನೆಯಲ್ಲಿ, ನಮ್ಮ ಮನೆಯ ಊಟದ ಹೊತ್ತಿನಲ್ಲೂ ಕೇಳಿದ್ದೆ. ನನಗೂ ತೆರಿಗೆ ಮುರಿದುಕೊಂಡೇ ಸಂಬಳ ಕೊಡುವುದು. ಆ ಹೊತ್ತಿನಲ್ಲಿ ನನಗೆ ಇದ್ದ ಯೋಚನೆ ಒಂದೇ, ಇಂಜೆಕ್ಷನ್ ಇಟ್ಟಿದ್ದ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ.

ಕೀ ಹುಡುಕಿ, ಔಷಧಿ ತೆಗೆದು, ಸಿರಿಂಜಿಗೆ ಎಳೆದುಕೊಂಡು ವಾಪಸ್ ಬರುವಷ್ಟರಲ್ಲಿ ಮಂಚ ಖಾಲಿ. ಆಪಾ ಇನ್ನೊಬ್ಬಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿದ್ದಳಂತೆ. ಅಷ್ಟೂ ಮಾತಿನಲ್ಲಿ ಆ ಹುಡುಗಿಗೆ ಅರ್ಥವಾದದ್ದು ಪೊಲೀಸ್ ಎನ್ನುವ ಒಂದೇ ಪದ ಇರಬೇಕು. ಅದು ಎಲ್ಲ ಭಾಷೆಯಲ್ಲೂ ಹಾಗೇ ಇರುತ್ತದಲ್ಲ. ಗಂಡ ಹೆಂಡತಿ ಹಿಂದಿನ ಗೇಟಿನಿಂದ ಹೋದರೆಂದು ಸೆಕ್ಯೂರಿಟಿಯವನು ಹೇಳಿದ.

ಡಾಕ್ಟರು ಓಡಿ ಬಂದರು. ‘ರಸ್ತೆಲೇ ಫಿಟ್ಸ್ ಬಂದ್ರೆ ತಾಯಿನೂ ಇಲ್ಲ, ಮಗುನೂ ಇಲ್ಲ ಸಿಸ್ಟರ್.’ ಅವರು ವಾರ್ಡು ಬಿಟ್ಟು ಬರುವ ಹಾಗಿರಲಿಲ್ಲ. ನಾನೇ ಹೊರಗೆ ಬಂದೆ. ಗೇಟಿನಲ್ಲಿ ಹೇರೋಹಳ್ಳಿಯ ಆ ಯಜಮಾನರು ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದರು.

‘ಸಾರ್, ಆ ಹುಡುಗಿ ಹೆದರಿಕೊಂಡು ಹೊರಟು ಹೋಗಿದಾಳೆ. ಹಾಗೇ ಬಿಟ್ರೆ ಸಾಯ್ತಾಳೆ. ನಿಮ್ ಕಾರ್ ತೆಗೀರಿ.’

‘ನಾನ್ ಅವಳಿಗೇನ್ ಅಂದೆ? ನಿಮ್ ಹತ್ರ ತಾನೇ ಅಂದಿದ್ದು.’

‘ಆಮೇಲೆ ಮಾತಾಡೋಣ ಸಾರ್.’

ಅವರು ಒಂದು ಕ್ಷಣ ಮಗಳಿದ್ದ ಕಡೆ ನೋಡಿ, ಜೇಬಿನಿಂದ ಕೀ ತೆಗೆದರು.

ದಾರಿಯುದ್ದಕ್ಕೂ ಗೊಣಗಿದರು. ಮನೆ ಕಂದಾಯ ಕಟ್ಟುತ್ತೇವೆ, ನೀರಿನ ಬಿಲ್ಲು ಕಟ್ಟುತ್ತೇವೆ, ನಮ್ಮ ಬೀದಿಯಲ್ಲಿ ಇವತ್ತಿಗೂ ರಸ್ತೆ ಇಲ್ಲ, ಮಳೆ ಬಂದರೆ ಮಗಳನ್ನು ಆಸ್ಪತ್ರೆಗೆ ತರಲು ಕಾರು ಹೂತುಕೊಳ್ಳುತ್ತದೆ, ಏನೂ ಕಟ್ಟದವರಿಗೆ ಎಲ್ಲ ಬಿಟ್ಟಿ. ಮಾತಾಡುತ್ತಲೇ ಎರಡೂ ಬದಿಯ ಫುಟ್‌ಪಾತ್ ನೋಡುತ್ತಾ ನಿಧಾನ ಓಡಿಸುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದರೂ ವೇಗ ಹೆಚ್ಚಿಸಲಿಲ್ಲ. ಅವರೇ ಮೊದಲು ನೋಡಿದ್ದು. ‘ಅಗೋ ಅಲ್ಲಿ, ನೀಲಿ ಸೀರೆ.’

ಷಟರ್ ಎಳೆದ ಒಂದು ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ವಾಂತಿ ಮಾಡಿದ್ದಳು. ಗಂಡ ನಿಂತು ಆಟೋಗಳಿಗೆ ಕೈ ತೋರಿಸುತ್ತಿದ್ದ, ಅವಳ ಸ್ಥಿತಿ ನೋಡಿ ಯಾವ ಆಟೋವೂ ನಿಲ್ಲುತ್ತಿರಲಿಲ್ಲ. ನಾನು ಕಾರಿನಿಂದ ಇಳಿದಾಗ ಅವಳು ಎದ್ದೇಳಲು ನೋಡಿದಳು. ನನ್ನ ಹಿಂದೆ ಯಜಮಾನರೂ ಇಳಿದರು. ಅವರ ಮುಖ ಕಂಡದ್ದೇ ತಡ, ಗಂಡನ ಶರ್ಟು ಹಿಡಿದುಕೊಂಡು ಅಳತೊಡಗಿದಳು. ಅವರ ಬಿಳಿ ಕಾರನ್ನು ತೋರಿಸಿ ಏನೋ ಹೇಳಿದಳು, ಪೊಲೀಸರದೇ ಎಂದುಕೊಂಡಿರಬೇಕು. ಗಂಡ ನನಗೆ ಕೈ ಮುಗಿದು, ‘ನೈ ಮೇಡಂ, ಘರ್, ಘರ್’ ಎಂದ, ಬೇಡ, ಮನೆಗೆ ಹೋಗುತ್ತೇವೆ ಎನ್ನುವ ಹಾಗೆ.

‘ಸಾರ್, ನೀವು ಒಳಗೆ ಕೂತ್ಕೊಳಿ’ ಎಂದೆ. ಅವರಿಗೆ ಏನನ್ನಿಸಿತೋ, ತಲೆ ತಗ್ಗಿಸಿಕೊಂಡು ಹೋಗಿ ಸ್ಟೀರಿಂಗ್ ಮುಂದೆ ಕೂತು ಎದುರು ನೋಡತೊಡಗಿದರು.

ನನಗೆ ಬರುವ ಹಿಂದಿ ಅಷ್ಟಕ್ಕಷ್ಟೇ. ಆಪಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ ಅವಳ ಕಿವಿಯ ಹತ್ತಿರ ಹಿಡಿದೆ. ಆಪಾ ವಾರ್ಡಿನಿಂದಲೇ ಗಟ್ಟಿಯಾಗಿ ಹೇಳಿದಳು: ‘ಡರೋ ನಕ್ಕೋ ಬೇಟಿ. ಪೊಲೀಸ್ ನೈ ಆತೆ. ಮೈ ಹೂಂ ನಾ ಇಧರ್.’ ಹೆದರಬೇಡ, ಪೊಲೀಸರು ಬರುವುದಿಲ್ಲ, ನಾನಿದ್ದೇನಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದಳು, ಮಗುವನ್ನು ಮಲಗಿಸುವವರ ಹಾಗೆ. ಹುಡುಗಿ ಫೋನನ್ನು ದಿಟ್ಟಿಸಿ ನೋಡಿದಳು. ಆಮೇಲೆ ನನ್ನ ಕೈಗೆ ತನ್ನ ಕೈ ಕೊಟ್ಟಳು. ಆ ಕೈ ತಣ್ಣಗೆ, ಒದ್ದೆಯಾಗಿತ್ತು. ಬೆರಳುಗಳು ಊದಿ ಬಳೆ ಮಣಿಕಟ್ಟಿನಲ್ಲಿ ಕೂತುಬಿಟ್ಟಿತ್ತು.

ಹಿಂದಿನ ಸೀಟಿನಲ್ಲಿ ಅವಳನ್ನು ಎಡಮಗ್ಗುಲಿಗೆ ಮಲಗಿಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಗಂಡ ಮುಂದೆ, ಯಜಮಾನರ ಪಕ್ಕ, ಚೀಲವನ್ನು ಅಪ್ಪಿಕೊಂಡು ಕೂತ. ಸ್ವಲ್ಪ ದೂರ ಹೋಗಿರಬಹುದು. ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ದವಡೆ ಬಿಗಿಯಿತು. ಕೈಕಾಲು ಸೆಟೆದು ಅದುರತೊಡಗಿದವು, ಹಿಮ್ಮಡಿ ಕಾರಿನ ಬಾಗಿಲಿಗೆ ಪಟಪಟ ಬಡಿಯಿತು. ಅವಳು ಬೀಳದ ಹಾಗೆ ಹಿಡಿದು ಮುಖ ಪಕ್ಕಕ್ಕೆ ತಿರುಗಿಸಿ, ಬಾಯಿಂದ ಬಂದ ನೊರೆಯನ್ನು ನನ್ನ ಸೆರಗಿನಲ್ಲಿ ಒರೆಸುತ್ತಾ ಕೂತೆ. ಆ ಹೊತ್ತಿನಲ್ಲಿ ಮಾಡುವುದಕ್ಕೆ ಬೇರೇನೂ ಇರುವುದಿಲ್ಲ.

ಕನ್ನಡಿಯಲ್ಲಿ ಯಜಮಾನರು ನೋಡುತ್ತಿದ್ದರು. ‘ಸಿಸ್ಟರ್, ಹೋಗ್ಬಿಟ್ಲಾ?’ ಎಂದು ಮೆಲ್ಲಗೆ ಕೇಳಿದರು.

‘ಇಲ್ಲ. ನೀವು ರಸ್ತೆ ನೋಡಿ.’

ಅವರು ಲೈಟು ಹಾಕಿಕೊಂಡು, ಹಾರ್ನ್ ಮೇಲಿಂದ ಕೈ ತೆಗೆಯದೆ, ಒಂದು ಕಡೆ ಎದುರಿನ ದಾರಿಯಲ್ಲೇ ನುಗ್ಗಿಸಿಕೊಂಡು ಆಸ್ಪತ್ರೆ ಮುಟ್ಟಿಸಿದರು. ಗೇಟಿನಲ್ಲಿ ಡಾಕ್ಟರೂ ಆಪಾನೂ ಟ್ರಾಲಿ ಹಿಡಿದು ನಿಂತಿದ್ದರು. ಇಂಜೆಕ್ಷನ್ ಕೊಟ್ಟೆವು. ಉಸಿರಾಟ ಒಂದು ಹದಕ್ಕೆ ಬಂತು. ಮಗುವಿನ ಎದೆಬಡಿತ ಸಿಗುತ್ತಿತ್ತು, ಕ್ಷೀಣವಾಗಿ. ಆಂಬುಲೆನ್ಸ್ ಅಷ್ಟರಲ್ಲಿ ಬಂದು ಕಾಯುತ್ತಿತ್ತು. ಅವಳನ್ನು ಹತ್ತಿಸಿ ಕಳಿಸಿದ ಮೇಲೆ ಕೈ ತೊಳೆಯಲು ಹೋದೆ. ನಲ್ಲಿಯ ಕೆಳಗೆ ಕೈ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಹಿಂದಿನಿಂದ ಯಾರೋ ‘ಸಿಸ್ಟರ್, ನೋವು ಜಾಸ್ತಿ ಆಗ್ತಾ ಇದೆ’ ಎಂದರು. ತಿರುಗಿದರೆ ಹೇರೋಹಳ್ಳಿಯ ಹೆಣ್ಣುಮಗಳು. ಸಂಜೆಗೆ ಅವಳಿಗೆ ಹೆಣ್ಣು ಮಗು ಆಯಿತು, ಸುಖವಾಗಿ.

ಮರುದಿನ ಬೆಳಿಗ್ಗೆ ಅವಳ ತಂದೆ ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದುಕೊಂಡು ಬಂದರು. ಮೊಮ್ಮಗಳನ್ನು ನೋಡಿಕೊಂಡು ನನ್ನ ಟೇಬಲಿನ ಹತ್ತಿರ ಬಂದು ನಿಂತರು.

‘ಆ ಹುಡುಗಿ ಏನಾದ್ಳು?’

‘ಆಪರೇಷನ್ ಮಾಡಿ ತೆಗೆದ್ರಂತೆ. ಗಂಡು. ತಾಯಿಗೆ ಇನ್ನೂ ಪೂರ್ತಿ ಎಚ್ಚರ ಇಲ್ಲ. ಮಗು ತೂಕ ಕಮ್ಮಿ, ಗಾಜಿನ ಪೆಟ್ಟಿಗೆಲಿ ಇಟ್ಟಿದಾರೆ. ತುಂಬಾ ದಿನ ಬೇಕಾಗುತ್ತೆ.’

‘ಅದಕ್ಕೆಲ್ಲ ಖರ್ಚು?’

‘ಸರ್ಕಾರದ್ದು.’

‘ಅಂದ್ರೆ ನಮ್ದು.’

‘ಹೌದು ಸಾರ್. ನಮ್ದೇ.’

ಅವರು ಜಗಳಕ್ಕೆ ಬಂದವರ ಹಾಗೆ ಕಾಣಲಿಲ್ಲ, ನನಗೂ ಜಗಳಕ್ಕೆ ಶಕ್ತಿ ಇರಲಿಲ್ಲ. ಅದಕ್ಕೇ ಇರಬೇಕು, ಮಾತು ಮುಂದುವರಿಯಿತು. ನಾನು ಹೇಳಿದೆ: ‘ಆರನೇ ತಿಂಗಳಲ್ಲೋ ಏಳನೇ ತಿಂಗಳಲ್ಲೋ ಬಂದಿದ್ರೆ ಬಿಪಿ ಗೊತ್ತಾಗ್ತಿತ್ತು. ದಿನಾ ಒಂದು ಮಾತ್ರೆ, ನಾಲ್ಕು ಸಲ ಚೆಕಪ್. ಈ ಆಪರೇಷನ್ನು, ಈ ಪೆಟ್ಟಿಗೆ ಇದ್ಯಾವುದೂ ಬೇಕಾಗ್ತಾ ಇರ್ಲಿಲ್ಲವೇನೋ.’

‘ಹಾಗಾದ್ರೆ ಮೊದಲೇ ಬರಬೇಕಿತ್ತು.’

‘ಬರೋಕೆ ಬಿಡ್ತೀವಾ?’

ಅವರು ಫ್ಲಾಸ್ಕನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ‘ನಾನು ಕೇಳಿದ್ದರಲ್ಲಿ ತಪ್ಪಿಲ್ಲ ಸಿಸ್ಟರ್. ಯಾರು ಬರ್ತಾರೆ, ಎಲ್ಲಿಂದ ಬರ್ತಾರೆ, ಲೆಕ್ಕ ಬೇಡ್ವಾ? ನಮ್ ಹುಡುಗೀರಿಗೆ ಮಂಚ ಸಿಗಲ್ಲ ಅಂದ್ರೆ ನಾವು ಯಾರನ್ನ ಕೇಳೋಣ?’

‘ತಪ್ಪು ಅಂತ ನಾನೂ ಹೇಳಲ್ಲ ಸಾರ್. ಮಂಚ ಕಮ್ಮಿ ಇರೋದು ನಿಜ. ನರ್ಸುಗಳೂ ಕಮ್ಮಿ. ಕೇಳಿ, ಕೇಳೋ ಕಡೆ ಹೋಗಿ ಕೇಳಿ. ನೋವು ತಿನ್ನೋಳ ತಲೆ ಹತ್ರ ನಿಂತ್ಕೊಂಡು ಬೇಡ.’

ಅವರು ಹೊರಡುವಂತೆ ಮಾಡಿ ಮತ್ತೆ ನಿಂತು, ‘ನಮ್ ಕಡೆ ಆ ಜನ ಇರೋ ಶೆಡ್ಡುಗಳಿವೆಯಲ್ಲ, ಅವಿರೋದು ನಮ್ ದೊಡ್ಡಪ್ಪನ ಮಗನ ಜಾಗದಲ್ಲೇ. ತಿಂಗಳ ತಿಂಗಳ ಬಾಡಿಗೆ ಎತ್ತುತಾನೆ. ಬೇಡ ಕಣೋ ಅಂತ ನಾನು ಹೇಳಿದ್ದೆ’ ಎಂದರು. ಅದನ್ನು ನನಗೆ ಯಾಕೆ ಹೇಳಿದರೋ ಗೊತ್ತಿಲ್ಲ. ನಾನು ಹೂಂ ಅಂದೆ.

ಆಪಾಗೆ ಇದನ್ನು ಹೇಳಿದಾಗ ಅವಳು ನೆಲ ಒರೆಸುತ್ತಾ, ‘ಬಾಡಿಗೆ ತಗೊಳೋವಾಗ ಆಧಾರ್ ಕೇಳಿದಾನಾ ಆ ದೊಡ್ಡಪ್ಪನ ಮಗ?’ ಎಂದಳು. ಅಷ್ಟೇ. ಬಕೆಟ್ ಎತ್ತಿಕೊಂಡು ಹೋದಳು.

ಆ ಮನುಷ್ಯ ಮನಸ್ಸು ಬದಲಾಯಿಸಿದರು ಎಂದು ಹೇಳಿದರೆ ನಾನು ಕತೆ ಕಟ್ಟಿದ ಹಾಗಾಗುತ್ತದೆ. ಮಗಳನ್ನು ಮನೆಗೆ ಕರೆದುಕೊಂಡು ಹೋಗುವ ದಿನವೂ ಸೆಕ್ಯೂರಿಟಿಯವನ ಹತ್ತಿರ ಅದೇ ಮಾತಾಡುತ್ತಿದ್ದರು, ನಮ್ಮ ಟ್ಯಾಕ್ಸ್, ಹೊರಗಿನವರು, ಎಲ್ಲ ಬಿಟ್ಟಿ. ಆದರೆ ನನ್ನನ್ನು ಕಂಡೊಡನೆ ಪಕ್ಕಕ್ಕೆ ಬಂದು, ‘ಮಗು ಪೆಟ್ಟಿಗೆಯಿಂದ ಆಚೆ ಬಂತಾ?’ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಎರಡೂ ಅವರೇ. ಮನುಷ್ಯರು ಹೀಗೇ ಇರುತ್ತಾರೆ ಅನ್ನುವುದು ನನಗೆ ಅಷ್ಟು ವರ್ಷದ ಕೆಲಸದಲ್ಲಿ ಗೊತ್ತಾಗಿತ್ತು. ಗೊತ್ತಿದ್ದರೂ ಆಯಾಸ ಕಡಿಮೆಯಾಗುವುದಿಲ್ಲ.

ಕೆಲವು ವಾರಗಳ ಮೇಲೆ ಆ ಕಡೆಯ ಶೆಡ್ಡುಗಳನ್ನೆಲ್ಲ ತೆಗೆಸಿದರು. ಯಾರೋ ದೂರು ಕೊಟ್ಟರಂತೆ, ಜೆಸಿಬಿ ಬಂತಂತೆ. ನಮ್ಮ ಏರಿಯಾದ ಆಶಾ ಕಾರ್ಯಕರ್ತೆ ಬಂದು ಹೇಳಿದಳು. ಅಲ್ಲಿ ಬಸುರಿಯರನ್ನು ಹುಡುಕಿ ಹುಡುಕಿ ಪಟ್ಟಿ ಮಾಡಿದ್ದಳು ಪಾಪ, ಈಗ ಅವರೆಲ್ಲ ಎಲ್ಲಿ ಹೋದರೋ. ‘ಇನ್ನು ಎಲ್ಲೋ ಹೋಗಿ, ಯಾವುದೋ ಆಸ್ಪತ್ರೆ ಬಾಗಿಲಲ್ಲಿ ಇಳೀತಾರೆ ಮೇಡಂ, ನೀರೊಡೆದ ಮೇಲೆ’ ಎಂದಳು. ಈ ಸಲ ನನಗೆ ಆ ಹೆಂಗಸರ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೂ ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು.

ಆಮೇಲೆ ಒಂದು ಗುರುವಾರ ಆ ನೀಲಿ ಸೀರೆಯ ಹುಡುಗಿ ಮಗುವನ್ನು ಎತ್ತಿಕೊಂಡು ಬಂದಳು. ಗುರುವಾರ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ, ಕಾರಿಡಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನಗೆ ಗುರುತು ಸಿಗಲಿಲ್ಲ. ಊತ ಇಳಿದು ಮುಖ ಇಷ್ಟೇ ಇಷ್ಟಾಗಿತ್ತು, ಕುತ್ತಿಗೆಯ ಮೂಳೆ ಕಾಣುತ್ತಿತ್ತು. ಆಪಾ ಗುರುತು ಹಿಡಿದು ಕೈ ಹಿಡಿದುಕೊಂಡು ಬಂದಳು. ಈಗ ಎಲ್ಲಿದ್ದೀರಿ ಎಂದು ಕೇಳಿದ್ದಕ್ಕೆ ಅವಳು ಒಂದು ದಿಕ್ಕಿಗೆ ಕೈ ತೋರಿಸಿದಳು. ಬಿಡದಿಯ ಕಡೆ ಇರಬಹುದು ಎಂದು ಆಪಾ ಅಂದಳು, ಬಸ್ ಬದಲಾಯಿಸಿಕೊಂಡು ಬಂದಿದ್ದಾಳೆ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲವಾ ಎಂದೆ. ಇದೆಯಂತೆ, ಆದರೆ ಅಲ್ಲಿ ಇವಳಿಗೆ ಪರಿಚಯದವರು ಯಾರೂ ಇಲ್ಲವಂತೆ.

ಮೊದಲು ಅವಳ ಬಿಪಿ ನೋಡಿದೆ. ಪರವಾಗಿಲ್ಲ, ಆದರೂ ಸ್ವಲ್ಪ ಜಾಸ್ತಿಯೇ. ಮಾತ್ರೆ ಕೊಟ್ಟು, ನಿಲ್ಲಿಸಬಾರದು ಎಂದು ಆಪಾ ಕೈಲಿ ಹೇಳಿಸಿದೆ. ಮಗು ಸಣ್ಣದು, ಆದರೆ ಕಣ್ಣು ಚುರುಕು. ತೊಡೆಗೆ ಸೂಜಿ ಹಾಕಿದಾಗ ಅದು ಅತ್ತ ಅಳುವಿಗೆ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪೆಟ್ಟಿಗೆಯಲ್ಲಿ ಬೆಳೆದ ಮಗುವಿಗೆ ಇಷ್ಟು ಗಂಟಲು ಇದೆಯಲ್ಲ ಎಂದು ನನಗೆ ಒಂಥರಾ ಸಮಾಧಾನವಾಯಿತು.

ಚುಚ್ಚುಮದ್ದು ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಮಗುವಿಗೆ ಏನಾದರೂ ಏರುಪೇರಾದರೆ ನೋಡಲು. ಅವಳು ಗೋಡೆ ಬದಿಯ ಬೆಂಚಿನ ಮೇಲೆ ಕೂತು ಮಗುವಿಗೆ ಹಾಲು ಕೊಟ್ಟಳು. ನಾನು ಉಳಿದ ಮಕ್ಕಳನ್ನು ಮುಗಿಸಿ ನೋಡಿದಾಗ, ಮಗು ಮಡಿಲಲ್ಲಿ ಮಲಗಿತ್ತು, ಅವಳೂ ತಲೆಯನ್ನು ಗೋಡೆಗೆ ಆನಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಅರ್ಧ ಗಂಟೆ ಕಳೆದು ಬಹಳ ಹೊತ್ತಾಗಿತ್ತು.

ಸ್ಕ್ಯಾನಿಂಗಿಗೆ ಬಂದ ಸೊಸೆಯನ್ನು ಕರೆದುಕೊಂಡು ನಿಂತಿದ್ದ ಒಬ್ಬ ಹೆಂಗಸು, ‘ಸಿಸ್ಟರ್, ಅವಳನ್ನ ಎಬ್ಬಿಸಿ, ಆಗಿನಿಂದ ಬೆಂಚು ಹಿಡ್ಕೊಂಡು ಮಲಗಿದಾಳೆ’ ಎಂದರು.

ಒಳಗಿನಿಂದ ನನ್ನ ಕುರ್ಚಿ ತಂದು ಅವರ ಸೊಸೆಗೆ ಹಾಕಿಕೊಟ್ಟೆ. ಆಮೇಲೆ ಬೆಂಚಿನ ತುದಿಯಲ್ಲಿ, ಆ ಮಗು ಜಾರಿದರೆ ಕೈಗೆ ಸಿಗುವಷ್ಟು ಹತ್ತಿರ, ನಾನೂ ಸ್ವಲ್ಪ ಹೊತ್ತು ಕೂತೆ.